ಕುಂಕುಮ ಹಚ್ಚಿದ ಬ್ಯಾಟರಿ ಮತ್ತು ಭಾವನ ಕೈಗುಣ

ನನಗೆ ಭಾವನನ್ನು ಕಂಡರೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದೆವೆಂದು ಬೀಗುವುದು ಬೇಡ. ಅಕ್ಕನ ಗಂಡ ಮೂಲತಃ ಬೆಂಗಳೂರಿನವನು; ಈಗ ಇಲ್ಲೇ ಘಣಸೋಲಿಯಲ್ಲಿ ಮನೆ, ಬೇಲಾಪುರದಲ್ಲಿ ಆಫೀಸು, ತಲೆ ತುಂಬ ಕೂದಲು. ಇಷ್ಟು ಸಾಲದೆಂಬಂತೆ ಒಳ್ಳೆಯವನು ಬೇರೆ. ಕೆಟ್ಟವನಾಗಿದ್ದರೆ ಬೈದುಕೊಂಡು ಆರಾಮಾಗಿ ಇರಬಹುದಿತ್ತು.

ಕಿಚ್ಚು ಹತ್ತಿದ್ದು ಅಪ್ಪನ ಕಾರಿನಿಂದ. ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಜೀವಮಾನ ಕಳೆದ ಅಪ್ಪ, ನಾನು ಶಾಲೆಗೆ ಹೋಗುತ್ತಿದ್ದಾಗ ಕೊಂಡ ಸಣ್ಣ ಕಾರು ಅದು. ಈಗ ಅದಕ್ಕೆ ಮುಪ್ಪು. ವೈಪರ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಕೂಗುತ್ತದೆ, ಚಾವಿ ತಿರುಗಿಸಿದರೆ ಒಮ್ಮೊಮ್ಮೆ ಬರೀ 'ಟಿಕ್' ಅನ್ನುತ್ತದೆ. ಕಳೆದ ಚೌತಿಯ ದಿನ ಹಾಗೆ ಟಿಕ್ ಅಂದಾಗ ನಾನು ಅದನ್ನು ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಿಂದ ಮೆಡಿಕಲ್ ಅಂಗಡಿಯವರೆಗೆ ತಳ್ಳಿದೆ. ಹೊಸ ಕುರ್ತಾದ ಕಂಕುಳು ಹರಿಯಿತು. ಆಗ ಹಬ್ಬಕ್ಕೆ ಬಂದಿದ್ದ ಭಾವ ಬಾನೆಟ್ ಎತ್ತಿ, ಬ್ಯಾಟರಿಗೆ ವೈರನ್ನು ಹಿಡಿದಿಡುವ ಕ್ಲಾಂಪನ್ನು ಎರಡು ಬೆರಳಲ್ಲಿ ತುಸು ತಿರುಚಿದ. ಕಾರು ಶುರುವಾಯಿತು.

"ಅಳಿಯಂದಿರದ್ದು ಕೈಗುಣ ಮಾರಾಯ," ಅಂದರು ಅಪ್ಪ.

ತಳ್ಳುವವನಿಗೆ ಇಂಥ ಯಾವ ಗುಣವೂ ಇರುವುದಿಲ್ಲ. ಅವನಿಗೆ ಬೆವರು ಮಾತ್ರ.

ಆಮೇಲೆ ಅಪ್ಪನ ಮಂಡಿಗೆ ಆಪರೇಷನ್ ಆಯಿತು. ಇನ್ನು ಕ್ಲಚ್ ಒತ್ತುವುದು ಬೇಡವೆಂದರು ಡಾಕ್ಟರು. ಕಾರು ನನಗೇ ಎಂದು ನಾನು ಮನಸ್ಸಿನಲ್ಲೇ ಸೀಟ್ ಕವರಿನ ಬಣ್ಣ ಆರಿಸಿಟ್ಟುಕೊಂಡಿದ್ದೆ. ಅಪ್ಪ ಚಹಾ ಕುಡಿಯುತ್ತ ಹೇಳಿದರು: "ಅಳಿಯಂದಿರಿಗೆ ಕೊಡುವಾ ಅಂತ. ಅವರಾದ್ರೆ ನೋಡ್ಕೊಳ್ತಾರೆ. ಭಾನುವಾರ ಊಟಕ್ಕೆ ಬರ್ತಾರಲ್ಲ, ಚಾವಿ ಕೊಟ್ಟುಬಿಡುದು."

"ಮತ್ತೆ ನಾನು?"

"ನೀನು ಬಲ್ಬ್ ಬದಲಿಸ್ಲಿಕ್ಕೆ ಹೋಗಿ ಇಡೀ ಬಿಲ್ಡಿಂಗಿನ ಕರೆಂಟ್ ತೆಗೆದವ ಅಲ್ವಾ?"

ಆ ಮಾತು ನನಗೆ ನಾಟಿತು, ನಿಜವಾದದ್ದರಿಂದ ಇನ್ನಷ್ಟು ಆಳಕ್ಕೆ ನಾಟಿತು. ಭಾನುವಾರ ಭಾವ ಬರುವುದರೊಳಗೆ ಕಾರಿನ ಸವೆದುಹೋದ ಕನೆಕ್ಟರುಗಳನ್ನೆಲ್ಲ ನಾನೇ ಬದಲಿಸಿ, ಆ ಕೈಗುಣವನ್ನು ನಿರುದ್ಯೋಗಿ ಮಾಡಬೇಕೆಂದುಕೊಂಡೆ. ವಿಠ್ಠಲವಾಡಿ ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ಬ್ಯಾಟರಿ ಕ್ಲಾಂಪಿನ ಜೋಡಿ, ಹೆಡ್‌ಲೈಟಿನ ಕನೆಕ್ಟರು, ಹಾರ್ನಿನ ವೈರಿನ ತುದಿಗೆ ಸಿಕ್ಕಿಸುವ ಥಿಂಬಲ್ಲೊಂದನ್ನು ಕೊಂಡೆ. ಅಂಗಡಿಯವನು "ಮೆಕ್ಯಾನಿಕ್ ಹೋ ಕ್ಯಾ?" ಅಂದ. ನಾನು ಅಲ್ಲವೆನ್ನಲಿಲ್ಲ.

ಬಾನೆಟ್ ಎತ್ತಿದರೆ ಬ್ಯಾಟರಿ ಮದುಮಗಳ ಹಾಗೆ ಕೂತಿತ್ತು. ಪ್ರತಿ ವರ್ಷದ ಆಯುಧಪೂಜೆಗೆ ಅಪ್ಪ ಅದಕ್ಕೆ ಗಂಧ, ಅರಶಿನ, ಕುಂಕುಮ ಹಚ್ಚುತ್ತಿದ್ದರು. ಹಚ್ಚಿದ್ದನ್ನು ಒರೆಸುವುದು ಅಪಚಾರವೆಂದು ಯಾರೂ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಕಿಲುಬು ಬೆಳೆದು ಹಸಿರು, ಬಿಳಿ, ಕೆಂಪು ಸೇರಿ ಗಟ್ಟಿಯಾಗಿತ್ತು. ಸೋಡಾಪುಡಿಯ ಬಿಸಿನೀರಲ್ಲಿ ಉಜ್ಜಿದೆ. ಉಜ್ಜಲು ಹಳೆಯ ಹಲ್ಲುಜ್ಜುವ ಬ್ರಶ್ ಸಿಗಲಿಲ್ಲ. ಭಾವ ಬಂದಾಗ ಬೇಕಾಗುತ್ತದೆಂದು ಅಕ್ಕ ನಮ್ಮ ಬಚ್ಚಲಲ್ಲಿ ಇಟ್ಟಿದ್ದ ಹೊಸದು ಸಿಕ್ಕಿತು. ಬೇಕೆಂದೇ ಜೋರಾಗಿ ಉಜ್ಜಿದೆ.

"ಕಾಲಿಗೆ ಹವಾಯಿ ಚಪ್ಪಲಿ ಉಂಟಾ? ಶಾಕ್ ಹೊಡೆದೀತು!" ಎಂದು ಅಮ್ಮ ಬಾಲ್ಕನಿಯಿಂದ ಕೂಗಿ ಇಡೀ ಸೊಸೈಟಿಯನ್ನು ಕಿಟಕಿಗೆ ತಂದಳು.

ಹೆಡ್‌ಲೈಟು, ಹಾರ್ನು ಸಲೀಸಾಗಿ ಮುಗಿದವು. ಉಳಿದದ್ದು ಬ್ಯಾಟರಿ. ಪ್ಲಸ್ಸಿನ ವೈರು ಕೆಂಪು ಎಂದು ವಿಡಿಯೋದಲ್ಲಿ ನೋಡಿದ್ದೆ. ಇಲ್ಲಿ ಎಷ್ಟು ಉಜ್ಜಿದರೂ ಹೋಗದ ಕುಂಕುಮದ ದೆಸೆಯಿಂದ ಎರಡು ವೈರುಗಳ ತುದಿಯೂ ಕೆಂಪು. ಹೆಚ್ಚು ಕೆಂಪಾದದ್ದೇ ಪ್ಲಸ್ ಎಂದು ತೀರ್ಮಾನಿಸಿದೆ. ಹೆಚ್ಚು ಕೆಂಪಾಗಿದ್ದದ್ದು ಮೈನಸ್ಸು. ಪೂಜೆಗೆ ನಿಂತ ಅಪ್ಪನ ಕೈಗೆ ಅದೇ ಹತ್ತಿರ. ಬ್ಯಾಟರಿಯ ಪ್ಲಸ್ ಗೂಟ ದಪ್ಪ, ಮೈನಸ್ಸಿನದು ಸಪೂರ, ಕ್ಲಾಂಪುಗಳೂ ಹಾಗೆಯೇ. ನನ್ನಂಥವರು ತಪ್ಪು ಮಾಡದಿರಲೆಂದೇ ಮಾಡಿದ ಉಪಾಯ ಅದು. ಆದರೆ ನಾನು ದಪ್ಪ ಕ್ಲಾಂಪನ್ನೇ ತಪ್ಪು ವೈರಿಗೆ ಬಿಗಿದು ಆ ಉಪಾಯವನ್ನೂ ಸೋಲಿಸಿದೆ. ಎಲ್ಲವೂ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಹೆಮ್ಮೆಯಾಯಿತು.

ಎರಡನೆಯ ಕ್ಲಾಂಪ್ ಮುಟ್ಟಿಸಿದ್ದೇ ಫಟ್ಟೆಂದು ಕಿಡಿ ಹಾರಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಚಾವಿ ತಿರುಗಿಸಿದೆ. ಈ ಸಲ ಟಿಕ್ ಕೂಡ ಇಲ್ಲ. ಅಷ್ಟರಲ್ಲಿ ಗೇಟಿನಲ್ಲಿ ರಿಕ್ಷಾ ನಿಂತು ಅಕ್ಕ, ಭಾವ ಇಳಿದರು.

"ಏನ್ ಗುರು, ಆಪರೇಷನ್ನಾ?" ಎನ್ನುತ್ತ ಭಾವ ಬಗ್ಗಿ ನೋಡಿದ. ಒಂದೇ ನೋಟಕ್ಕೆ ಗೊತ್ತಾಯಿತು ಅವನಿಗೆ. ಕೋಲೂರುತ್ತ ಬರುತ್ತಿದ್ದ ಅಪ್ಪನನ್ನು ಕಂಡು ದನಿ ತಗ್ಗಿಸಿದ. "ಪ್ಲಸ್ಸು ಮೈನಸ್ಸು ಉಲ್ಟಾ ಆಗಿದೆ ಕಣೋ. ಮೈನ್ ಫ್ಯೂಸ್ ಹೋಗಿರುತ್ತೆ. ಮಾವಂಗೆ ಹೇಳ್ಬೇಡ, ನಾನ್ ಸರಿ ಮಾಡ್ತೀನಿ."

ನೋಡಿದಿರಾ? ಕೈಗುಣದ ಜೊತೆಗೆ ಈಗ ದೊಡ್ಡ ಗುಣ ಬೇರೆ. ಅದನ್ನೂ ಅವನಿಗೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

"ಅಪ್ಪಾ, ನಾನೇ ಉಲ್ಟಾ ಹಾಕಿ ಸುಟ್ಟೆ!" ಎಂದು ಕಿರುಚಿದೆ. "ನೀವು ಎರಡಕ್ಕೂ ಕುಂಕುಮ ಮೆತ್ತಿದ್ರೆ ಗೊತ್ತಾಗುದು ಹೇಗೆ?"

ಅಪ್ಪ ಬ್ಯಾಟರಿಯನ್ನೂ ನನ್ನನ್ನೂ ನೋಡಿದರು. "ಒಂದಕ್ಕೇ ಹಚ್ಚಿದ್ರೆ ಇನ್ನೊಂದಕ್ಕೆ ಬೇಜಾರಾಗುದಿಲ್ವಾ?"

"ಬ್ಯಾಟರಿಗೆ ಬೇಜಾರಾಗ್ತದೆ, ನನಗೆ ಆಗುದಿಲ್ವಾ?"

ಬಾಯಿಂದ ಜಾರಿತು. ಅಕ್ಕ ನಗಲು ಹೋದವಳು ನನ್ನ ಮುಖ ನೋಡಿ ಪರ್ಸಿನಲ್ಲಿ ಏನೋ ಹುಡುಕತೊಡಗಿದಳು. ಭಾವ ಬಾನೆಟ್ಟಿನೊಳಗೆ ಇನ್ನಷ್ಟು ಬಗ್ಗಿದ.

ನಾನು ಓಡಿಹೋಗಿ ಫ್ಯೂಸ್ ತಂದೆ. ಕ್ಲಾಂಪುಗಳನ್ನು ಬಿಚ್ಚಿ ಅದಲುಬದಲು ಮಾಡಿ ಫ್ಯೂಸ್ ಕೂರಿಸಿದವನೂ ನಾನೇ. ಭಾವ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತ. ಒಂದೇ ತಿರುವಿಗೆ ಕಾರು ಎದ್ದಿತು. ಅಪ್ಪ ಜೇಬಿನಿಂದ ಇನ್ನೊಂದು ಚಾವಿ ತೆಗೆದರು. ಯಾರತ್ತ ಚಾಚಬೇಕೆಂದು ಅವರ ಕೈಗೇ ತಿಳಿಯದೆ ಅದು ನಡುವೆ ನಿಂತಿತು.

"ನನ್ಗೆ ಬೇಡ ಮಾವ," ಅಂದ ಭಾವ. "ನಮ್ ಸೊಸೈಟಿಲಿ ಗಾಡಿ ನಿಲ್ಸೋಕೆ ಪಾರ್ಕಿಂಗೇ ಇಲ್ಲ. ನಾನು ಅಲ್ಲಿ ಇಲ್ಲಿ ತಿರುಚ್ತೀನಿ ಅಷ್ಟೇ. ರಿಪೇರಿ ಮಾಡಿದ್ದು ಇವ್ನು."

ಅಪ್ಪ ಚಾವಿ ನನ್ನ ಕೈಯಲ್ಲಿಟ್ಟರು. ನನ್ನ ಎದೆ ಉಬ್ಬುವುದರೊಳಗೆ ಹೇಳಿದರು: "ಅಳಿಯಂದಿರ ಮನಸ್ಸು ನೋಡು. ಅವರು ಬಿಟ್ಟುಕೊಟ್ಟ ಕಾರು, ಜಾಗ್ರತೆ."

ಹೀಗೆ ಸ್ವಂತ ಅಪ್ಪನ ಕಾರು ನನಗೆ ಭಾವನ ದಾನವಾಗಿ ದಕ್ಕಿತು. ಸಂಜೆ ಅವರಿಬ್ಬರನ್ನು ಘಣಸೋಲಿಗೆ ಬಿಡಲು ನಾನೇ ಹೊರಟೆ. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ನಾನು ಎಲ್ಲಾದರೂ ಹೊಗೆ ಬರುತ್ತಿದೆಯೇ ಎಂದು ಮೂಸುತ್ತಿದ್ದೆ. ಪಕ್ಕದ ಸೀಟಿನಲ್ಲಿ ಭಾವ ಬಾಯಿ ತೆರೆದು ನಿದ್ದೆ ಹೋಗಿದ್ದ. ನಾನು ವೈರು ಜೋಡಿಸಿದ ಕಾರಿನಲ್ಲಿ ಅಷ್ಟು ನೆಮ್ಮದಿಯಾಗಿ ಮಲಗುವ ಧೈರ್ಯ ನನಗೇ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಆದರೂ ಗುಂಡಿಗಳನ್ನು ತಪ್ಪಿಸಿ, ಮೆಲ್ಲಗೆ ಓಡಿಸಿದೆ.