ಒತ್ತೆಬಲೆ ಒಯ್ಯುತ್ತಿದ್ದ ಅತ್ತಿ

ಅತ್ತಿಯ ಬಲಗೈ ಹೆಬ್ಬೆರಳಿನಲ್ಲಿ ಒಂದು ಗೀರು ಇತ್ತು. ನಲವತ್ತು ವರ್ಷ ಬಲೆಯ ದಾರ ಎಳೆದೆಳೆದು ಬಿದ್ದ ಗೀರು. ಅದರಲ್ಲಿ ಜೋಳದ ಕಾಳಿಟ್ಟು ಕೈ ಓರೆ ಮಾಡಿದರೂ ಕಾಳು ಉರುಳುತ್ತಿರಲಿಲ್ಲ. ನಾನೂ ಒಮ್ಮೆ ನನ್ನ ಹೆಬ್ಬೆರಳ ಮೇಲೆ ಇಟ್ಟು ನೋಡಿದೆ. ಕಾಳು ಉರುಳಿ ನೇರ ಅವಳ ಕೋಳಿಯ ಬಾಯಿಗೆ ಹೋಯಿತು. "ಬೆಣ್ಣಿ ಕೈ ಅದಾವ ನಿನ್ನವು. ಬರಿ ಕಾಗದಾ ಹಿಡೀಲಾಕ ಲಾಯಕ," ಎಂದು ನಕ್ಕಳು.

ಅವಳು ನನ್ನ ಸ್ವಂತ ಅತ್ತಿಯಲ್ಲ. ಮಣ್ಣೂರಿನಲ್ಲಿ ನಮ್ಮ ಪಕ್ಕದ ಮನೆಯವಳು, ಭೀಮೆಯಲ್ಲಿ ಮೀನು ಹಿಡಿಯುವ ಮನೆತನದ ಸೊಸೆ. ಹುಟ್ಟಿದ್ದು ಹೊಳೆಯ ಆಚೆ ದಂಡೆ, ಇಂಗ್ರಜಿ ಸರ್ಕಾರದ ಮುಲುಕು. ಕೊಟ್ಟಿದ್ದು ಈಚೆ ದಂಡೆ, ನಿಜಾಮರ ಮೊಗಲಾಯಿ. ನಡುವೆ ಇದ್ದದ್ದು ಕೂಗಿದರೆ ಕೇಳಿಸುವಷ್ಟು ಅಗಲದ ನೀರು. ಆದರೂ ಆಚೆಗೊಂದು ಪೊಲೀಸು, ಈಚೆಗೊಂದು ಪೊಲೀಸು. ಆಚೆಗೊಂದು ನಾಣ್ಯ, ಈಚೆಗೊಂದು. ಬೈಗುಳ ಮಾತ್ರ ಎರಡೂ ಕಡೆ ಒಂದೇ.

ಬೇಸಿಗೆಯಲ್ಲಿ ಭೀಮೆ ಬತ್ತಿ ಉಸುಕಾದಾಗ ಎರಡೂ ಊರಿಗೆ ಉಳಿಯುತ್ತಿದ್ದದ್ದು ಒಂದೇ ಮಡು. ಮನುಷ್ಯರು ಕುಡಿಯುವುದು ಅದರಲ್ಲೇ, ದನ ಕುಡಿಯುವುದೂ ಅದರಲ್ಲೇ, ಮುಂದಿನ ವರ್ಷದ ಮೀನಿನ ಬೀಜವೂ ಅದರಲ್ಲೇ. ಅದು ಯಾವ ಸರ್ಕಾರಕ್ಕೆ ಸೇರಿದ್ದು ಎಂದು ಎರಡು ಸರ್ಕಾರಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡು ದಂಡೆಯ ಮೀನುಗಾರರಿಗೆ. ಹೋಳಿ ಹುಣ್ಣಿಮೆಯ ಮರುದಿನ ಮಡುವಿನಲ್ಲಿ ಬಲೆ ಬಂದ್. ಮಾತು ಮುರಿಯಬಾರದೆಂದು ಈಚೆಯವರ ದೊಡ್ಡ ಬಲೆ ಆಚೆ ಒತ್ತೆ, ಆಚೆಯವರ ದೊಡ್ಡ ಬಲೆ ಈಚೆ ಒತ್ತೆ. ಮುಂಗಾರಿನ ಮೊದಲ ಮಿರಗದ ಮಳೆಗೆ ನೀರು ಕೆಂಪಾಗಿ ಬಂದು, ಮೀನು ಮೊಟ್ಟೆಯಿಟ್ಟು, ನೀರು ಮತ್ತೆ ತಿಳಿಯಾದ ಮೇಲೆ ಅವರವರ ಬಲೆ ಅವರವರಿಗೆ. ಹರಗೋಲಿನಲ್ಲಿ ಒಯ್ದು ತರುವವಳು ಅತ್ತಿ. ಆಚೆ ದಂಡೆಯ ಹಿರಿಯ ಅವಳ ಅಣ್ಣ, ಈಚೆ ದಂಡೆಯ ಹಿರಿಯ ಅವಳ ಮೈದುನ. ಇಬ್ಬರೂ ಸರ್ಕಾರಕ್ಕೆ ಹೆದರದವರು, ಅವಳಿಗೆ ಹೆದರುವವರು.

ಒಂದು ವರ್ಷ ಸುಂಕದ ನಾಕೆಯ ಹೊಸ ಜವಾನ ಅವಳ ಹರಗೋಲನ್ನು ತಡೆದ. ಪರಮುಲುಕಿನ ಬಲೆ, ಸುಂಕ ಕೊಡು ಎಂದ. ಅತ್ತಿ ಬಲೆಯನ್ನು ಅವನ ತಲೆಯ ಮೇಲೆ ಹೊರಿಸಿದಳು.

"ಒಳಗ ಏನರ ಮಾಲ ಅದ ಏನು ನೋಡ್ರಿ ಸಾಹೇಬ್ರ. ತೂತು ಬಿಟ್ಟರ ಏನೂ ಇಲ್ಲ. ತೂತಿಗಿ ಸುಂಕ ಎಷ್ಟ್ರಿ?"

ಜವಾನ ಬಲೆಯೊಳಗೆ ಸಿಕ್ಕಿಕೊಂಡು ಅರ್ಧ ತಾಸು ಒದ್ದಾಡಿದ. ಬಿಡಿಸಿ ಕಳಿಸುವಾಗ ಅವಳು ಹೇಳಿದ್ದು ಇಷ್ಟೇ: "ಮೀನ ದಿನಾ ಆಚೀಗಿ ಈಚೀಗಿ ದಾಟತಾವ. ಮೊದಲ ಅವನ್ನ ಹಿಡಿದು ಕೇಳ್ರಿ."

ಇಂಥ ಚೆಂದದ ವ್ಯವಸ್ಥೆಗೆ ಬೆಂಕಿ ಇಟ್ಟವನು ನಾನು.

ನಾನು ಆಗ ಆಳಂದದಲ್ಲಿ ಮಿಡಲ್ ಪಾಸು ಮಾಡಿ ಬಂದಿದ್ದೆ. ಮೂರು ಸಲ ಕೂತು ನಪಾಸಾಗಿ, ನಾಲ್ಕನೆಯ ಸಲ ಪರೀಕ್ಷೆಯವರೇ ನನ್ನ ಮುಖ ನೋಡಿ ಬೇಸತ್ತು ಪಾಸು ಮಾಡಿದ್ದರು. ಊರಿಗೆ ಬಂದವನಿಗೆ ಕಂಡದ್ದೆಲ್ಲ ಅಡ್ಡಾದಿಡ್ಡಿಯಾಗಿ ಕಂಡಿತು. ನಮ್ಮ ಎಮ್ಮೆಗೂ ಒಂದು ಹಾಜರಿ ಪಟ್ಟಿ ಬರೆದಿದ್ದೆ, ಅದು ಪಟ್ಟಿಯನ್ನೇ ತಿಂದಿತು. ಆಮೇಲೆ ನನ್ನ ಕಣ್ಣು ಮಡುವಿನ ಮೇಲೆ ಬಿತ್ತು.

"ಅತ್ತಿ, ನೀರು ಕೆಂಪಾಗೂದು, ತಿಳಿ ಆಗೂದು, ಇದೆಲ್ಲಾ ಒಂದು ಮಾತಾ? ಎರಡು ಮುಲುಕಿನ ವ್ಯವಹಾರ ಇದು. ಕರಾರುನಾಮೆ ಬೇಕು, ತಾರೀಖು ಬೇಕು!"

"ಮೀನಿಗಿ ಓದಾಕ ಬರ್ತದೇನೋ ಮುನಶಿ?" ಎಂದಳು ಅತ್ತಿ. ಆದರೂ ನನ್ನ ಮುಖ ಸಪ್ಪಗಾದದ್ದು ಕಂಡು, "ಆಗಲಿ ಬರಿ. ನಿನ್ನ ಕೈಗೂ ಏನರ ಕೆಲಸ ಬೇಕಲ್ಲ," ಎಂದು ಒಪ್ಪಿದಳು.

ಬರೆದೆ. ಎರಡು ಪ್ರತಿ. 'ಸದರಿ ಮಡುವು ಒಂಬತ್ತನೆಯ ತಿಂಗಳ ಮೊದಲನೆಯ ತಾರೀಖಿಗೆ ಖುಲ್ಲಾ ಆಗತಕ್ಕದ್ದು, ಅದೇ ದಿನ ಬಲೆ ವಾಪಸು.' ಅಣ್ಣ ಹೆಬ್ಬಟ್ಟು ಒತ್ತಿದ, ಮೈದುನ ಒತ್ತಿದ. ನಡುವೆ ಅತ್ತಿ ಒತ್ತಿದಳು. ಅವಳ ಹೆಬ್ಬಟ್ಟಿನ ಗುರುತಿನ ನಡುವೆ ಆ ಗೀರು ಬಿಳಿ ಗೆರೆಯಾಗಿ ಬಿತ್ತು, ಎರಡು ಕಪ್ಪು ದಂಡೆಯ ನಡುವೆ ಹೊಳೆ ಹರಿದ ಹಾಗೆ.

ನಮ್ಮ ಮೊಗಲಾಯಿಯ ಸರ್ಕಾರಿ ವರ್ಷ ದಸರೆಯ ಸುಮಾರಿಗೆ ಶುರುವಾಗುತ್ತದೆ. ಒಂಬತ್ತನೆಯ ತಿಂಗಳು ಎಂದರೆ ನಮ್ಮ ಫಸಲಿ ಪಂಚಾಂಗದ ಅಮರದಾದ್, ಮಿರಗದ ಮಳೆ ಕೂಡುವ ಹೊತ್ತು. ಇಂಗ್ರಜಿ ದಂಡೆಯಲ್ಲಿ ಒಂಬತ್ತನೆಯ ತಿಂಗಳು ಎಂದರೆ ಸಪ್ಟೆಂಬರ್, ಗಣಪತಿ ಕೂಡುವ ಹೊತ್ತು. ಊರಿನ ಕುರಿ ಕಾಯುವವನಿಗೂ ಗೊತ್ತಿದ್ದ ಈ ಮಾತು ಮಿಡಲ್ ಪಾಸಾದವನಿಗೆ ಹೊಳೆಯಲಿಲ್ಲ.

ಅಮರದಾದ್ ಒಂದನೆಯ ತಾರೀಖು ನಮ್ಮವರು ಬಲೆ ಕೇಳಲು ಹೋದರು. ಮಳೆ ಇನ್ನೂ ಬಂದಿರಲಿಲ್ಲ, ಮಡುವಿನ ನೀರು ದಂಡೆಯಲ್ಲಿ ಮೊಣಕಾಲುಮಟ್ಟ, ನಡುವೆ ಆಳುದ್ದ ಅಷ್ಟೇ. ಅಣ್ಣ ಬಲೆ ಕೊಡಲಿಲ್ಲ. "ಕಾಗದದಾಗ ಏನದ ಅದು. ಇನ್ನಾ ಮೂರು ತಿಂಗಳ ಅದ," ಎಂದ. ನಮ್ಮವರು ಅವರನ್ನು ಕಳ್ಳರು ಎಂದರು. ಅವರು ಈ ಮೊಗಲಾಯಿ ಮಂದಿಗೆ ಮಾತಿಲ್ಲ ಎಂದರು. ಮರುದಿನ ಮುಂಜಾನೆ ಮೈದುನ ಮೂರು ಗಡಿಗೆ ಕಳ್ಳಿಹಾಲು ತುಂಬಿಕೊಂಡು ಮಡುವಿನ ದಂಡೆಗೆ ಬಂದು ಕೂತ. ಕಳ್ಳಿಹಾಲು ಬಿದ್ದರೆ ಬಲೆಯೇ ಬೇಡ, ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಆ ನೀರನ್ನು ದನವೂ ಮೂಸುವುದಿಲ್ಲ.

"ನನಗ ಇಲ್ಲದ ಮೀನು ಯಾರಿಗೂ ಬ್ಯಾಡ," ಎಂದು ಒಂದು ಗಡಿಗೆಯ ಬಾಯಿ ಬಿಚ್ಚಿದ. ಆಚೆ ದಂಡೆಯಲ್ಲಿ ಅಣ್ಣ ಬಡಿಗೆ ಹಿಡಿದು ನಿಂತ. ನಾನು ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ಅಡಗಿ ಕೂತಿದ್ದೆ. ಅತ್ತಿ ಕಾಲು ಹಿಡಿದು ಎಳೆದಳು.

"ಏಳೋ ಮುನಶಿ. ಬರೆದಾಂವ ನೀ, ಓದಾಂವ ಯಾರು?"

ಹರಗೋಲಿನಲ್ಲಿ ಕೂರಿಸಿ ಮಡುವಿನ ನಡುವಿಗೆ ಒಯ್ದಳು. ಕರಾರುನಾಮೆ ಬಿಚ್ಚಿ ಓದಿದೆ. ಒಂಬತ್ತನೆಯ ತಿಂಗಳು ಎನ್ನುವಲ್ಲಿ ತಡೆದಳು.

"ಅಣ್ಣ, ಅದು ಯಾವ ತಿಂಗಳೋ?"

"ಸಪ್ಟೆಂಬರ್!"

"ಮೈದುನ್ರ, ನಿಮ್ಮದು?"

"ಅಮರದಾದ್, ವೈನಿ!"

ನನ್ನ ಮಿಡಲ್ ಪಾಸು ಅಲ್ಲೇ ವಾಪಸು ಹೋಯಿತು. ಅತ್ತಿ ನೀರಿಗೆ ಕೈ ಇಳಿಬಿಟ್ಟು, ಗಾಳಿಗಾಗಿ ಮೇಲೆ ಬಂದ ಒಂದು ಮೀನನ್ನು ಬರಿಗೈಯಲ್ಲೇ ಹಿಡಿದಳು. ಅದರ ಹೊಟ್ಟೆ ಗುಬ್ಬಿಯಂತೆ ಉಬ್ಬಿತ್ತು. ಮೆಲ್ಲಗೆ ಒತ್ತಿದರೆ ಹಳದಿ ಮೊಟ್ಟೆ ಎರಡು ಕಾಳು ಹೊರಬಂದವು. ಎತ್ತಿ ಎರಡೂ ಕಡೆ ತೋರಿಸಿದಳು.

"ಇದರ ಹೊಟ್ಟಿ ಮ್ಯಾಲ ಯಾವ ಸರ್ಕಾರದ ತಾರೀಖು ಅದ, ಓದೋ ಮುನಶಿ. ಇದು ಖಾಲಿ ಆಗೂತನಕ ಈಚಿಯವ್ರಿಗಿ ಬಲೆ ಇಲ್ಲ. ಖಾಲಿ ಆದ ಮ್ಯಾಲ ಆಚಿಯವ್ರು ತಡಿಯೂದೂ ಇಲ್ಲ." ಮೀನನ್ನು ನೀರಿಗೆ ಬಿಟ್ಟಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಾನೂ ಎರಡು ಮಾತು ಹೇಳಬೇಕೆಂದು ಹರಗೋಲಿನಲ್ಲಿ ಎದ್ದು ನಿಂತೆ. ದುಂಡನೆಯ ಹರಗೋಲು ನಿಂತವನನ್ನು ಎಂದಾದರೂ ಸಹಿಸಿದೆಯೇ? ಕರಾರುನಾಮೆಯ ಸಮೇತ ಮಡುವಿಗೆ ಬಿದ್ದೆ. ನಾನು ಭೀಮೆಯ ದಂಡೆಯಲ್ಲಿ ಹುಟ್ಟಿಯೂ ಈಜು ಬಾರದ ಏಕೈಕ ಪ್ರಾಣಿ. ಮುಳುಗುವಾಗ ಕಂಡದ್ದು, ಮಸಿ ಬಿಟ್ಟು ನೀಲಿಯಾಗಿ ತೇಲುತ್ತಿದ್ದ ನನ್ನದೇ ಅಕ್ಷರ.

ಮೊದಲು ಹಾರಿದವನು ಮೈದುನ. ಗಡಿಗೆ ಬದಿಗೆ ಇಟ್ಟು ಹಾರಿ, ನನ್ನ ಜುಟ್ಟು ಹಿಡಿದು ಎಳೆದ. ಎಳೆಯುವಾಗ ನಾನು ಅವನ ಕೊರಳಿಗೆ ಜೋತುಬಿದ್ದು ಅವನನ್ನೂ ಎರಡು ಸಲ ಮುಳುಗಿಸಿದೆ. ದಂಡೆಗೆ ಬಂದು ಕೆಮ್ಮುತ್ತ ಕೂತ ಅವನನ್ನು ಅತ್ತಿ ಹರಗೋಲಿನಿಂದಲೇ ಕೇಳಿದಳು.

"ಮೈದುನ್ರ, ನೀರು ಕುಡದ್ರಲ್ಲ, ಹ್ಯಾಂಗ ಅದ?"

ಅವನು ತಲೆಯ ರುಮಾಲು ಬಿಚ್ಚಿ ನೀರು ಹಿಂಡಿದ. "ಸೀ ಅದ ವೈನಿ," ಎಂದ ಕೊನೆಗೆ. ಎದ್ದು ಹೋಗಿ ದೂರದ ಉಸುಕಿನಲ್ಲಿ ಕುಣಿ ತೋಡಿ ಮೂರೂ ಗಡಿಗೆಯ ಹಾಲು ಹೂಳಿದ.

ಹನ್ನೆರಡನೆಯ ದಿನ ನೀರು ಕೆಂಪಾಗಿ ಬಂತು. ಅದು ತಿಳಿಯಾದ ದಿನ ಬಲೆಗಳು ಮನೆಗೆ ಬಂದವು. ಮೊದಲ ಮೀನನ್ನು ಅತ್ತಿ ನನಗೇ ಕೊಟ್ಟಳು. "ತಿನ್ನೋ. ಕರಾರುನಾಮೆ ನುಂಗಿದ ಮೀನು ಇರಬೇಕು, ಮಸಿ ವಾಸನಿ ಬರ್ತದೇನು ನೋಡು." ನಮ್ಮ ಮನೆಯಲ್ಲಿ ಮೀನು ಒಳಗೆ ತರುವ ಹಾಗಿಲ್ಲ. ಅವಳ ಹಿತ್ತಲಲ್ಲೇ ಕೂತು ತಿಂದೆ. ವಾಸನೆ ಬರಲಿಲ್ಲ.

ಅತ್ತಿ ತೀರಿಕೊಂಡದ್ದು ಹೋದ ವರ್ಷ, ಬಲೆಗಳು ಒತ್ತೆಯಲ್ಲಿದ್ದಾಗಲೇ. ಮಧ್ಯಾಹ್ನ ದಾರ ಹೊಸೆಯುತ್ತ ಗೋಡೆಗೆ ಒರಗಿದವಳು ಏಳಲಿಲ್ಲ. ಆಚೆ ದಂಡೆಯವರೆಲ್ಲ ಮಡು ದಾಟಿ ಬಂದರು. ನಾಕೆಯ ಜವಾನ ಯಾರನ್ನೂ ತಡೆಯಲಿಲ್ಲ, ತಾನೂ ಬಂದ. ಮಣ್ಣಾದ ಮೇಲೆ, ಇನ್ನು ಬಲೆ ಒಯ್ಯುವವರು ಯಾರು ಎಂಬ ಮಾತು ಬಂತು. ಅಣ್ಣ ನನ್ನ ಕಡೆ ಕೈ ಮಾಡಿದ.

"ಮುನಶಿ ಒಯ್ಯಲಿ. ತಾರೀಖಿನ ಹುಚ್ಚು ಅವಗ ಬಿಟ್ಟದ."

"ಕೂತು ಒಯ್ಯಬೇಕು, ನಿಲ್ಲಬಾರದು," ಎಂದ ಮೈದುನ.

ನಾನೀಗ ಜೇವರ್ಗಿಯ ಕಚೇರಿಯಲ್ಲಿ ಕಾರಕೂನ. ದಿನವಿಡೀ ಬರೆಯುವುದು ತಾರೀಖುಗಳನ್ನೇ. ಈ ವರ್ಷ ಬಲೆ ವಾಪಸು ಮಾಡಲು ರಜೆಯ ಅರ್ಜಿ ಹಾಕಿದೆ. ಯಾವ ತಾರೀಖಿನಿಂದ ಎಂಬ ಕಡೆ, 'ನೀರು ಕೆಂಪಾಗಿ ತಿಳಿಯಾದ ದಿನದಿಂದ' ಎಂದು ಬರೆದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಅರ್ಜಿಯನ್ನು ನೋಡಿದರು, ಇದು ಯಾವ ಪಂಚಾಂಗ ಎಂದು ಕೇಳಿದರು.

"ನಮ್ಮ ಅತ್ತಿದ್ರಿ," ಎಂದೆ.

ಅರ್ಜಿ ಇನ್ನೂ ಮಂಜೂರಾಗಿಲ್ಲ. ಮೋಡ ಮಾತ್ರ ಕೂಡಿದೆ. ಹರಗೋಲಿಗೆ ಎಣ್ಣೆ ಹಚ್ಚಲು ಊರಿಗೆ ಹೇಳಿ ಕಳಿಸಿದ್ದೇನೆ.