ಹಳೇ ಫೋನು, ಜೇಬಿನ ಸೀಟಿ

ನನ್ನ ಏಳು ವರ್ಷದ ಫೋನನ್ನು ಕಂಡು ಮಕ್ಕಳಿಂದ ಸಾಹುಕಾರರವರೆಗೆ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಾನು ಸೊಪ್ಪು ಹಾಕುತ್ತಿರಲಿಲ್ಲ. ಆಲ್ದೂರಿನ ಹತ್ತಿರದ ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆದು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವವನು. ಕಾಫಿ ಒಣಗಿಸುವ ಕಣದಲ್ಲಿ ಸಿಗ್ನಲ್ ಹಿಡಿಯುತ್ತಿದ್ದದ್ದು ನನ್ನ ಫೋನು ಒಂದೇ. ಸಾಹುಕಾರರ ಹೊಸ ಫೋನು ಕೂಡ ಅಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿತ್ತು. ನನಗೆ ಆ ಜಂಬ ಇತ್ತು.

ಆನೆ ಸುದ್ದಿ ಬರುತ್ತಿದ್ದದ್ದು ಆ ಫೋನಿಗೇ. ಸುತ್ತಲಿನ ತೋಟದವರೆಲ್ಲ ಸೇರಿ ಮಾಡಿಕೊಂಡ ಗ್ರೂಪಿನಲ್ಲಿ, ಆನೆ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂದು ಕಂಡವರು ಹಾಕುತ್ತಿದ್ದರು. ನಮ್ಮ ಕಡೆ ತಿರುಗಿತೆಂದರೆ ನಾನು ಮೂರು ಸಲ ಸೀಟಿ ಊದಬೇಕು. ಹಣ್ಣು ಕುಯ್ಯುವವರು ಚೀಲ ಅಲ್ಲೇ ಬಿಟ್ಟು ರಸ್ತೆಗೆ ಇಳಿಯಬೇಕು. ಕುಯ್ಯುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಕುಯ್ಲಿನ ನಡುವೆಯೇ ಆ ಗ್ರೂಪಿನ ಆ್ಯಪ್ ಒಂದು ದಿನ, ಈ ತಿಂಗಳು ಮುಗಿದ ಮೇಲೆ ನಿಮ್ಮ ಫೋನಿನಲ್ಲಿ ನಡೆಯುವುದಿಲ್ಲ ಎಂದು ತೋರಿಸಿತು. ನನಗೆ ಅನ್ನ ಸೇರಲಿಲ್ಲ. ಎರಡು ದಿನ ಒದ್ದಾಡಿ, ಮೂರನೆಯ ಬೆಳಿಗ್ಗೆ ಸುದ್ದಿ ನೋಡಿದೆ. ಆನೆ ಹಳ್ಳದ ಆಚೆ ಇತ್ತು. ಎಲ್ಲರನ್ನೂ ಧೈರ್ಯವಾಗಿ ಮೇಲಿನ ಬ್ಲಾಕಿಗೆ ಕಳಿಸಿ, ಯಾರಿಗೂ ಹೇಳದೆ ಆಲ್ದೂರಿಗೆ ಬಸ್ ಹತ್ತಿದೆ.

ಮೊಬೈಲ್ ರಿಪೇರಿಯವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ.

“ಕಂಪನಿಯವ್ರು ಇದಕ್ಕೆ ಅಪ್‌ಡೇಟ್ ಕೊಡೋದು ನಿಲ್ಸಿ ಬಹಳ ದಿನ ಆಯ್ತು ರೈಟ್ರೇ. ಬೇರೆ ಯಾರೋ ಮಾಡಿದ್ ಸಾಫ್ಟ್‌ವೇರ್ ಹಾಕ್ಬೇಕು. ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಅರ್ಧಕ್ಕೆ ನಿಂತ್ರೆ ಫೋನು ಡೆಡ್. ಆಮೇಲೆ ನನ್ನ ಬೈಬೇಡಿ.”

“ಬೈಯಲ್ಲ ಮಾರಾಯ, ಹಾಕು” ಎಂದೆ. ಅವನು ವಯರ್ ಚುಚ್ಚಿ ಲ್ಯಾಪ್‌ಟಾಪಿಗೆ ಸೇರಿಸಿದ. ಕಪ್ಪು ಪರದೆಯ ಮೇಲೆ ಒಂದು ಗೆರೆ ತೆವಳತೊಡಗಿತು. ಕಾಲು ಭಾಗಕ್ಕೆ ಬಂದದ್ದು ಅಲ್ಲೇ ನಿಂತಿತು. ನಾನು ಕಣ್ಣು ಮಿಟುಕಿಸದೆ ಕೂತೆ, ನಾನು ನೋಡುತ್ತಿದ್ದರೆ ಮಾತ್ರ ಅದು ಮುಂದೆ ಹೋಗುತ್ತದೆ ಎನ್ನುವ ಹಾಗೆ.

ಗೆರೆ ಮತ್ತೆ ತೆವಳಿ ಅರ್ಧ ದಾಟಿತ್ತು. ತನ್ನ ಫೋನಿಗೆ ಕವರ್ ಕೊಳ್ಳಲು ಬಂದಿದ್ದ ಪಕ್ಕದ ತೋಟದ ಜೀಪ್ ಡ್ರೈವರ್ ತಲೆ ಎತ್ತಿದ.

“ರೈಟ್ರೇ, ಆನೆ ಹಳ್ಳ ದಾಟಿ ನಿಮ್ಮ ಮೇಲಿನ ಬ್ಲಾಕಿಗೆ ಹತ್ತಿದೆಯಂತೆ. ಗ್ರೂಪಲ್ಲಿ ಹಾಕಿದಾರೆ. ನಿಮ್ಮವ್ರು ಕೆಳಗಿಳಿದ್ರಾ?”

ಯಾರು ಇಳಿಸುತ್ತಾರೆ? ಸುದ್ದಿ ಹಿಡಿಯುವ ಫೋನು ಮೇಜಿನ ಮೇಲೆ ಅರ್ಧ ಜೀವದಲ್ಲಿ ಬಿದ್ದಿತ್ತು. ಕಣದಲ್ಲಾಗಲಿ ಬ್ಲಾಕಿನಲ್ಲಾಗಲಿ ಯಾರಿಗೆ ಫೋನು ಮಾಡಿದರೂ ಸಿಗುವುದಿಲ್ಲ. ಬೆವರು ಒರೆಸಲು ಕರ್ಚೀಫ್‌ಗೆಂದು ಜೇಬಿಗೆ ಕೈ ಹಾಕಿದೆ. ಕೈಗೆ ಸೀಟಿ ಸಿಕ್ಕಿತು. ಅಭ್ಯಾಸಬಲದಿಂದ ಅದನ್ನೂ ತಂದುಬಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೋನನ್ನು ಅಲ್ಲೇ ಬಿಟ್ಟು ಡ್ರೈವರನ ಜೀಪು ಹತ್ತಿದೆ. ತೋಟದ ಗೇಟಿನಿಂದಲೇ ಊದಲು ಶುರುಮಾಡಿದವನು ಉಸಿರು ಕಟ್ಟುವವರೆಗೂ ಊದಿದೆ. ಗಿಡಗಳ ನಡುವಿನಿಂದ ಒಬ್ಬೊಬ್ಬರಾಗಿ ಓಡಿಬಂದರು. ಎಣಿಸಿದೆ, ಮತ್ತೆ ಎಣಿಸಿದೆ. ಕೊನೆಯವಳಾಗಿ ಹೆಂಡತಿ ಬಂದಳು.

“ಆಗ್ಲಿಂದ ಕೊಂಬೆ ಮುರಿಯೋ ಸದ್ದು ಕೇಳ್ತಾನೇ ಇತ್ತು” ಎಂದಳು ಅವಳು, ಏದುಸಿರು ಬಿಡುತ್ತ. “ನೀವು ಸೀಟಿ ಊದಿರ್ಲಿಲ್ವಲ್ಲ. ಹಂದಿ ಇರ್ಬೇಕು ಅಂತ ಕುಯ್ತಾ ಇದ್ವಿ.”

ಫೋನು ಬದುಕಿತು. ಮರುದಿನ ಹೋಗಿ ಅಂಗಡಿಯಿಂದ ತೆಗೆದುಕೊಂಡು ಬಂದೆ, ಕಣದಲ್ಲಿ ಮೊದಲಿನಂತೆಯೇ ಸಿಗ್ನಲ್ ಹಿಡಿಯುತ್ತಿದೆ. ನಾನಿಲ್ಲದಾಗಲೂ ಬೇರೆಯವರ ಕೈಗೆ ಸಿಗಲೆಂದು ಸೀಟಿ ಈಗ ಕಣದ ಮನೆಯ ಮೊಳೆಯಲ್ಲಿರುತ್ತದೆ. ಬೆಳಗಿನ ಹಾಜರಿ ಮುಗಿಸಿ ಸುದ್ದಿ ಓದಿ ಹೇಳಿದ ಮೇಲೆ ದಿನವೂ ಒಂದು ಮಾತು ಸೇರಿಸುತ್ತೇನೆ: “ಸೀಟಿ ಕೇಳ್ಲಿಲ್ಲ ಅಂತ ಆನೆ ಇಲ್ಲ ಅಂದ್ಕೋಬೇಡಿ.” ಅವರು ಹೂಂ ಎನ್ನುತ್ತಾರೆ. ಆದರೂ ಬ್ಲಾಕಿಗೆ ಹತ್ತುವ ಮೊದಲು ಎಲ್ಲರೂ ನೋಡುವುದು ನನ್ನ ಮುಖವನ್ನೇ.