ವೈನಿಯ ಪರೀಕ್ಷೆ, ನನ್ನ ಬೆರಳು

ಪುಕ್ಕಟೆ ಕೊಡುತ್ತೇವೆ ಎಂದವರನ್ನು ನಾನು ಎಂದೂ ನಂಬಿದವನಲ್ಲ. ಗುಡಗೇರಿಯ ನಮ್ಮ ಸಣ್ಣ ಸಭೆಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಪಾಸ್ಟರರಿಗೆ ವಯಸ್ಸಾಯಿತು. ಇನ್ನು ಬರಲಾಗದು, ನಿಮ್ಮೊಳಗೇ ಒಬ್ಬರು ತಯಾರಾಗಿ ಎಂದು ಅವರು ಫೋನಿನಲ್ಲಿ ಬೈಬಲ್ ಪಾಠಗಳನ್ನು ತೋರಿಸಿಕೊಟ್ಟರು. ಕನ್ನಡದಲ್ಲೇ ವಿಡಿಯೋ, ಕೊನೆಗೆ ಪರೀಕ್ಷೆ, ಫೀ ಇಲ್ಲ. ಹೆಚ್ಚು ಅಂಕ ಬಂದವರು ರವಿವಾರ ಸಭೆಯ ಮುಂದೆ ನಿಂತು ದೇವರ ವಾಕ್ಯ ಹೇಳಬೇಕು. "ಇದರಾಗ ಪಾಠದವರಿಗೇನ್ರಿ ಲಾಭ?" ಎಂದು ಕೇಳಿದೆ. ಪಾಸ್ಟರರು ನಕ್ಕರು. ನನ್ನ ಗುಮಾನಿ ಇನ್ನಷ್ಟು ಹೆಚ್ಚಿತು.

ಮುಂದೆ ಬಂದವರು ಇಬ್ಬರೇ. ನಿವೃತ್ತ ಶಾಲಾಮಾಸ್ತರನಾದ ನಾನು, ಮತ್ತು ತೀರಿಹೋದ ನನ್ನ ಅಣ್ಣನ ಹೆಂಡತಿ, ವೈನಿ. ಅವರಿಗೆ ಓದು ಬಾರದು, ಅಂಥ ಫೋನೂ ಇಲ್ಲ. ಹೊಲದಲ್ಲಿ ಕಳೆ ಕಿತ್ತು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ದನಿ ದೊಡ್ಡದಾಗಲೆಂದು ನಾನು ಫೋನನ್ನು ಖಾಲಿ ಸ್ಟೀಲ್ ಕೊಡದೊಳಗೆ ಇಡುತ್ತಿದ್ದೆ. ನಾನು ಪಾಠದಲ್ಲಿ ತಪ್ಪು ಹುಡುಕುತ್ತ ಕೂತರೆ ವೈನಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಯಾರೋ ಮನೆಯಲ್ಲಿ ಗುಟ್ಟಾಗಿ ಹೇಳಿಕೊಡುತ್ತಿದ್ದಾರೆ ಎಂದೇ ಅಂದುಕೊಂಡೆ.

ನಾನು ಪಾಸಾದೆ. ವೈನಿಯ ಪರೀಕ್ಷೆಗೆ ನಾನು ಪ್ರಶ್ನೆಯನ್ನೂ ಅದರ ಕೆಳಗಿನ ನಾಲ್ಕು ಉತ್ತರಗಳನ್ನೂ ಓದಿ ಹೇಳುವುದು, ಅವರು ಎಷ್ಟನೆಯದು ಎನ್ನುವುದು, ನಾನು ಒತ್ತುವುದು. ಒಂದು ಕಡೆ ಅವರು ಮೂರನೆಯದು ಎಂದರು. ನನಗೆ ಒಂದನೆಯದೇ ಸರಿ ಅನ್ನಿಸಿತು. ತಿದ್ದುವುದು ನನ್ನ ಹಳೆಯ ಚಟ, ಒಂದನೆಯದನ್ನೇ ಒತ್ತಿದೆ. ಆಮೇಲೆ ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದ ಕಡೆಗಳಲ್ಲೂ ಬೇರೆಯದನ್ನೇ ಒತ್ತಿದೆ. ಅವರು ನಿಂತು ವಾಕ್ಯ ಹೇಳುವಾಗ ನಾನು ಚಾಪೆಯ ಮೇಲೆ ಕೂತು ಕೇಳುವುದು ಆಗದ ಮಾತಾಗಿತ್ತು. ವೈನಿ ಫೇಲಾದರು.

"ಪಾಠದವರದ ಏನರೆ ಮೋಸ ಇದ್ದೀತ್ರಿ ವೈನಿ. ನಾ ಮೊದಲ ಹೇಳಿದ್ದಿಲ್ಲೇನು?" ಎಂದೆ.

ಅವರು ಸೆರಗು ಸರಿಮಾಡಿಕೊಂಡರು. "ನನಗ ಓದಾಕ ಬರೂದಿಲ್ರಿ ಮಾಸ್ತರ, ಎಣಸಾಕ ಬರ್ತೈತಿ. ನಾ ಮೂರನೇದು ಅಂದಾಗ ನೀವು ಎಲ್ಲಾಕ್ಕಿಂತ ಮ್ಯಾಲಿಂದು ಒತ್ತಿದ್ರಿ. ನಾ ನೋಡೇನಿ."

ನಾಚಿಕೆಗಿಂತ ಮೊದಲು ಹೆದರಿಕೆಯಾಯಿತು, ಇವರು ಸಭೆಯಲ್ಲಿ ಹೇಳಿಬಿಟ್ಟರೆ ಎಂದು.

"ಇನ್ನೊಮ್ಮಿ ಬರೀಬಹುದಂತಲ್ರಿ? ನೀವು ಓದಿ ಹೇಳ್ರಿ ಸಾಕು, ನಾನ ಒತ್ತತೇನಿ."

ಮರುದಿನ ಹಾಗೇ ಆಯಿತು. ಕಳೆ ಕಿತ್ತು ಬಿರುಕು ಬಿಟ್ಟ ಬೆರಳಿಗೆ ಫೋನು ಸುಲಭಕ್ಕೆ ಬಗ್ಗಲಿಲ್ಲ, ಎರಡೆರಡು ಸಲ ಒತ್ತಿದರು. ನನಗಿಂತ ಹೆಚ್ಚು ಅಂಕ ಬಂತು.

ಆ ರವಿವಾರ ಚಾಪೆಯ ಮೇಲೆ ಕೂತು ಅವರ ಬಾಯನ್ನೇ ನೋಡುತ್ತಿದ್ದೆ, ನನ್ನ ಮೋಸವನ್ನು ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಎಂದು. ಹೇಳಲಿಲ್ಲ. ಕೊನೆಯ ಪ್ರಾರ್ಥನೆಯಲ್ಲಿ, "ನನಗ ಓದಿ ಹೇಳಿದ ಮಾಸ್ತರಗ ಒಳ್ಳೇದು ಮಾಡು, ತಂದೆ" ಎಂದರು. ಆ ಮಾತಿನ ಹಿಂದೆ ಬೇರೆ ಏನಾದರೂ ಇದ್ದೀತೇ ಎಂದು ಇಂದಿಗೂ ಕೆದಕಿ ನೋಡುತ್ತೇನೆ. ಏನೂ ಸಿಕ್ಕಿಲ್ಲ.